ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳೋ ಮುಂಚೆ

"ಮೇಡಂ, ಬಜೆಟ್ ಐವತ್ತು ಸಾವಿರ. ಒಳ್ಳೆ ಡಿಎಸ್ಎಲ್ಆರ್ ಒಂದು ಹೇಳಿ." ನನಗೆ ಬರುವ ಮೆಸೇಜುಗಳಲ್ಲಿ ವಾರಕ್ಕೆ ಒಂದಾದರೂ ಈ ಥರದ್ದು ಇದ್ದೇ ಇರುತ್ತೆ. ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: "ಏನನ್ನ ತೆಗೀಬೇಕು ಅಂತಿದ್ದೀರಿ?" ಬಹುತೇಕರ ಉತ್ತರವೂ ಒಂದೇ: "ಎಲ್ಲಾನೂ!"

ನೋಡಿ, ಎಲ್ಲಾನೂ ತೆಗೆಯೋ ಕ್ಯಾಮೆರಾ ಈಗಾಗಲೇ ನಿಮ್ಮ ಜೇಬಲ್ಲಿದೆ. ಈ ಲೇಖನವನ್ನ ಓದ್ತಿರೋದೂ ಅದರಲ್ಲೇ. ಬಿಸಿಲಲ್ಲಿ ನಿಂತ ಗೆಳೆಯರು, ಬಾಳೆಎಲೆ ಮೇಲಿನ ಊಟ, ಜೋಗದ ಮುಂದಿನ ಸೆಲ್ಫಿ, ಇವಕ್ಕೆಲ್ಲ ಮೊಬೈಲ್ ಧಾರಾಳವಾಗಿ ಸಾಕು. ದೊಡ್ಡ ಕ್ಯಾಮೆರಾ ಬೇಕಾಗೋದು ಮೊಬೈಲ್ ಸೋಲುವ ಕಡೆ ಮಾತ್ರ. ಹಾಗಾಗಿ ಅಂಗಡಿಗೆ ಹೋಗೋ ಮುಂಚೆ ನಿಮ್ಮ ಮೊಬೈಲ್ ಗ್ಯಾಲರಿ ತೆಗೆದು ನೋಡಿ. "ಛೇ, ಇದು ಚೆನ್ನಾಗಿ ಬರಬೇಕಿತ್ತು" ಅನ್ನಿಸಿದ ಚಿತ್ರಗಳು ಯಾವುವು? ನೀವು ಕೊಳ್ಳಬೇಕಾದ ಕ್ಯಾಮೆರಾದ ಸುಳಿವು ಅಲ್ಲೇ ಇರುತ್ತೆ.

ಮೊಬೈಲ್ ಎಲ್ಲಿ ಸೋಲುತ್ತೆ?

ಮೂರು ಕಡೆ. ಒಂದು, ದೂರದ ವಸ್ತು. ಮರದ ತುದಿಯ ಹಕ್ಕಿಯನ್ನ ಜೂಮ್ ಮಾಡ್ತಾ ಹೋದರೆ ಗರಿಯ ಬದಲು ಬಣ್ಣದ ಕಲೆ ಕಾಣುತ್ತೆ. ಎರಡು, ಕಡಿಮೆ ಬೆಳಕಲ್ಲಿ ಓಡಾಡೋ ವಸ್ತು. ನೈಟ್ ಮೋಡ್ ಹಲವು ಫ್ರೇಮುಗಳನ್ನ ಸೇರಿಸಿ ಒಂದು ಚಿತ್ರ ಮಾಡುತ್ತೆ. ಎದುರಿಗಿರೋದು ಗೋಪುರವಾದರೆ ಸರಿ, ಕುಣಿಯೋ ಮಗುವಾದರೆ ಚಿತ್ರ ಕಲಸಿಹೋಗುತ್ತೆ. ಮೂರು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಹಾಕೋ ಚಿತ್ರ.

ಇದಕ್ಕೆಲ್ಲ ಮೂಲ ಕಾರಣ ಸೆನ್ಸರ್, ಅಂದ್ರೆ ಬೆಳಕು ಬೀಳೋ ಜಾಗ. ಸಾಮಾನ್ಯ ಡಿಎಸ್ಎಲ್ಆರ್‌ಗಳ ಸೆನ್ಸರ್ ಸುಮಾರು 23 ಎಂ.ಎಂ. ಅಗಲ, 15 ಎಂ.ಎಂ. ಎತ್ತರ ಇರುತ್ತೆ. ಇದನ್ನ ಎಪಿಎಸ್-ಸಿ ಅಂತಾರೆ. ಒಳ್ಳೆಯ ಮೊಬೈಲಿನ ಮುಖ್ಯ ಕ್ಯಾಮೆರಾಗೆ ಹೋಲಿಸಿದರೂ ಇದರ ವಿಸ್ತೀರ್ಣ ನಾಲ್ಕೈದು ಪಟ್ಟು ದೊಡ್ಡದು. ಅಂಗಳಕ್ಕೆ ದೊಡ್ಡ ಹಂಡೆ ಇಟ್ಟರೆ ಮಳೆನೀರು ಹೆಚ್ಚು ತುಂಬುತ್ತಲ್ಲ, ಲೆಕ್ಕ ಅಷ್ಟೇ.

ಆದರೆ ಹಂಡೆಗೆ ನೀರು ಬೀಳಿಸೋದು ಲೆನ್ಸ್. ಇಲ್ಲೇ ಬಹಳ ಜನ ಎಡವೋದು. ದುಡ್ಡೆಲ್ಲ ಬಾಡಿಗೆ ಸುರಿದು, ಡಬ್ಬಿ ಜೊತೆ ಬಂದ ಲೆನ್ಸಲ್ಲೇ ಉಳಿದುಬಿಡ್ತಾರೆ. ನಾನು ಹೇಳೋ ಕ್ರಮ ಇದು: ಮೊದಲು ವಿಷಯ, ಆಮೇಲೆ ಅಲ್ಲಿ ಸಿಗೋ ಬೆಳಕು, ಅದಕ್ಕೆ ತಕ್ಕ ಲೆನ್ಸ್, ಕೊನೆಗೆ ಆ ಲೆನ್ಸಿಗೆ ಒಪ್ಪುವ ಬಾಡಿ. ಇದನ್ನ ಬಾಯಿಮಾತಲ್ಲಿ ಹೇಳೋದಕ್ಕಿಂತ ನಮ್ಮ ಮನೆಯ ಒಂದು ಉದಾಹರಣೆ ಕೊಡ್ತೀನಿ.

ಅಜ್ಜನ ಕೌರವ

ನನ್ನ ಚಿಕ್ಕಮ್ಮನ ಮಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಒಂದಿನ ಫೋನ್ ಮಾಡಿ, "ಅಕ್ಕಾ, ಫುಲ್ ಫ್ರೇಮ್ ಕ್ಯಾಮೆರಾ ನೋಡಿದೀನಿ, ಒಂದೂಕಾಲು ಲಕ್ಷ. ಇಎಂಐ ಇದೆ. ತಗೊಂಡುಬಿಡ್ಲಾ?" ಅಂದ. ನಾನು ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ಅವನು "ಎಲ್ಲಾನೂ" ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನ್ನ" ಅಂದ.

ನಮ್ಮಿಬ್ಬರ ಅಜ್ಜ ಉತ್ತರ ಕನ್ನಡದ ಹವ್ಯಾಸಿ ಯಕ್ಷಗಾನ ಕಲಾವಿದರು. ತೋಟದ ಕೆಲಸ ಮಾಡಿಕೊಂಡೇ ನಲವತ್ತು ವರ್ಷ ವೇಷ ಕಟ್ಟಿದವರು. ಗದಾಯುದ್ಧದ ಕೌರವ ಅಂದ್ರೆ ಸುತ್ತಲಿನ ಊರಲ್ಲಿ ಅವರದ್ದೇ. ಆ ವರ್ಷ ಅವರು, "ಮೊಣಕಾಲು ಮಾತು ಕೇಳೋದಿಲ್ಲ ಮಾರಾಯಾ, ಈ ಸಲದ್ದೇ ಕೊನೆ" ಅಂದುಬಿಟ್ಟಿದ್ದರು. ಮನೆಯಲ್ಲಿ ಅವರ ವೇಷದ ಚಿತ್ರ ಅಂತ ಇದ್ದದ್ದು ಒಂದೇ, ಬಣ್ಣ ಮಾಸಿದ ಗುಂಪಿನ ಫೋಟೊ, ಅದರಲ್ಲಿ ಅಜ್ಜ ಮೂಲೆಯಲ್ಲಿ. ಮೊಬೈಲಲ್ಲಿ ತೆಗೆದವು ಬೇಕಾದಷ್ಟಿದ್ದವು. ಎಲ್ಲದರಲ್ಲೂ ಕಿರೀಟ ಇದ್ದ ಕಡೆ ಒಂದು ಹೊಳೆಯೋ ಗೆರೆ, ಮುಖ ಇದ್ದ ಕಡೆ ಕೆಂಪು ಮಸುಕು.

ಆಟಕ್ಕೆ ಎರಡು ತಿಂಗಳಿತ್ತು. ಅವನ ಕೈಲಿದ್ದದ್ದು ನಲವತ್ತೈದು ಸಾವಿರ. ಊರಲ್ಲಿ ಚಿಕ್ಕಪ್ಪನ ಬೆಳೆಸಾಲದ ಕಂತಿಗೂ ಅವನೇ ದುಡ್ಡು ಕಳಿಸ್ತಿದ್ದ. ಅದರ ಮೇಲೆ ಇನ್ನೊಂದು ಕಂತು ಬೇಡ ಅಂತ ಇಬ್ಬರೂ ಲೆಕ್ಕಕ್ಕೆ ಕೂತೆವು.

ವಿಷಯ ಗೊತ್ತಾಯ್ತು: ರಾತ್ರಿ ರಂಗಸ್ಥಳದಲ್ಲಿ ಕುಣಿಯೋ ವೇಷ. ಅಂಥ ಹೆಜ್ಜೆಯನ್ನ ಸ್ಥಿರವಾಗಿ ಹಿಡಿಯೋಕೆ ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗದಷ್ಟಾದರೂ ಬೇಕು. ಫ್ಲ್ಯಾಷ್ ಹಾಕೋ ಹಾಗಿಲ್ಲ. ವೇಷಧಾರಿಯ ಕಣ್ಣಿಗೂ ತೊಂದರೆ, ನೋಡೋರಿಗೂ ರಸಭಂಗ, ಬಣ್ಣಗಾರಿಕೆಯ ಚಂದವೂ ಚಪ್ಪಟೆಯಾಗುತ್ತೆ.

ಈಗ ಲೆನ್ಸ್. ಕ್ಯಾಮೆರಾ ಜೊತೆ ಬರೋ 18-55 ಕಿಟ್ ಲೆನ್ಸನ್ನ ಪೂರ್ತಿ ಜೂಮ್ ಮಾಡಿದಾಗ ಅದು ಎಫ್ 5.6ಕ್ಕಿಂತ ಹೆಚ್ಚು ತೆರೆಯೋದಿಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಜೂಮ್ ಇಲ್ಲದ 50 ಎಂ.ಎಂ. ಎಫ್ 1.8 ಲೆನ್ಸನ್ನ ಎಫ್ 2ಕ್ಕೆ ಇಟ್ಟರೆ, ಕಿಟ್ ಲೆನ್ಸಿಗಿಂತ ಎಂಟು ಪಟ್ಟು ಬೆಳಕು ಒಳಗೆ ಬರುತ್ತೆ. ಕಿಟ್ ಲೆನ್ಸಲ್ಲಿ ಐಎಸ್ಒ 6400 ಇಡಬೇಕಾದ ಕಡೆ ಇದರಲ್ಲಿ 800 ಸಾಕು. ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತಲ್ಲ, ಅದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತೆ. ರಂಗಸ್ಥಳದಿಂದ ಆರು ಮೀಟರ್ ದೂರ ಕೂತರೆ 50 ಎಂ.ಎಂ.ನಲ್ಲಿ ಒಬ್ಬ ಮನುಷ್ಯ ಕಾಲಿಂದ ತಲೆವರೆಗೆ ಬರ್ತಾನೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಕಿರೀಟಕ್ಕೂ ಜಾಗ ಇರುತ್ತೆ.

ಲೆನ್ಸ್ ನಿರ್ಧಾರ ಆದ ಮೇಲೆ ಬಾಡಿ ತಾನಾಗೇ ಇಳಿದುಬಂತು. ನಿಕಾನ್‌ನಲ್ಲಿ 50 ಎಂ.ಎಂ. ಎಫ್ 1.8ರ ಹಳೆಯ 'ಡಿ' ಮಾದರಿ ಕಡಿಮೆ ದುಡ್ಡಿಗೆ ಸಿಗುತ್ತೆ. ಆದರೆ ಅದರಲ್ಲಿ ಫೋಕಸ್ ಮೋಟರ್ ಇಲ್ಲ, ಬಾಡಿಯಲ್ಲೇ ಮೋಟರ್ ಇರಬೇಕು. ಡಿ3500, ಡಿ5600 ಥರದ ಚಿಕ್ಕ ಬಾಡಿಗಳಲ್ಲಿ ಆ ಮೋಟರ್ ಇಲ್ಲ. ಅವಕ್ಕೆ ಈ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸ್ತಾ ಕೂರಬೇಕು. ಡಿ7000 ಸರಣಿಯಲ್ಲಿ ಇದೆ. ಹಾಗಾಗಿ 2015ರಲ್ಲಿ ಬಂದ ಡಿ7200 ಅನ್ನ ಸೆಕೆಂಡ್ ಹ್ಯಾಂಡಲ್ಲಿ ಹುಡುಕಿದೆವು. ಎರಡೂ ಸೇರಿ, ಒಂದು ಎಕ್ಸ್ಟ್ರಾ ಬ್ಯಾಟರಿ, ಎರಡು ಕಾರ್ಡ್ ತಗೊಂಡ ಮೇಲೂ ಅವನ ಹತ್ತಿರ ಬಸ್ ಚಾರ್ಜಿಗೆ ದುಡ್ಡು ಮಿಕ್ಕಿತ್ತು.

ಉಳಿದ ಆರು ವಾರ ಅವನು ದಿನಾ ಆಫೀಸಿಂದ ಬಂದು ಅಭ್ಯಾಸ ಮಾಡಿದ. ಬೀದಿದೀಪದ ಕೆಳಗೆ ಶಟಲ್ ಆಡೋ ಹುಡುಗರೇ ಅವನ ಮಾಡೆಲ್‌ಗಳು. ಮ್ಯಾನುಯಲ್ ಮೋಡ್, ಎಫ್ 2.2, 250ನೇ ಒಂದು ಭಾಗ, ಐಎಸ್ಒ ಮಾತ್ರ ಆಟೋ, ಚಿತ್ರ ರಾ ಫೈಲಲ್ಲಿ. ಗುಂಡಿಗಳು ಕತ್ತಲಲ್ಲೂ ಬೆರಳಿಗೆ ಸಿಗೋವರೆಗೆ ಬಿಡಲಿಲ್ಲ.

ಆಟದ ರಾತ್ರಿ ಸುಮಾರು ಆರುನೂರು ಚಿತ್ರ ತೆಗೆದ. ಇಟ್ಟುಕೊಂಡದ್ದು ಮೂವತ್ತು. ಅವುಗಳಲ್ಲಿ ಮನೆಯವರೆಲ್ಲ ಒಪ್ಪಿದ ಚಿತ್ರ ರಂಗಸ್ಥಳದ್ದೇ ಅಲ್ಲ, ಚೌಕಿಯದ್ದು. ಟ್ಯೂಬ್‌ಲೈಟ್ ಕೆಳಗೆ ಚಿಕ್ಕ ಕನ್ನಡಿ ಹಿಡಿದು ಅಜ್ಜ ತಮ್ಮ ಮುಖಕ್ಕೆ ತಾವೇ ಬಣ್ಣ ಬರಕೊಳ್ತಿದ್ದಾರೆ, ಅರ್ಧ ಮುಖ ಕೌರವ, ಅರ್ಧ ಮುಖ ನಮ್ಮಜ್ಜ. 12-18 ಇಂಚಿಗೆ ಪ್ರಿಂಟ್ ಹಾಕಿಸಿ ಕೊಟ್ಟಾಗ ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಹುಬ್ಬು ಎಡಗಡೆ ಸ್ವಲ್ಪ ದಪ್ಪಾಯ್ತಲ್ಲೋ" ಅಂದರು. ಈಗ ಅದು ಜಗಲಿಯಲ್ಲಿದೆ. ಅವರು ಆಮೇಲೆ ವೇಷ ಕಟ್ಟಲಿಲ್ಲ.

ಒಂದೂಕಾಲು ಲಕ್ಷದ ಬಾಡಿ ಕಂತಲ್ಲಿ ಬಂದಿದ್ದರೆ, ಅದಕ್ಕೆ ಹಾಕೋ ಒಳ್ಳೆ ಲೆನ್ಸಿಗೆ ದುಡ್ಡು ಉಳೀತಿರಲಿಲ್ಲ. ಇದಿಷ್ಟು ನೆನಪಿಟ್ಟುಕೊಂಡು ಈಗ ನಿಮ್ಮ ವಿಷಯಕ್ಕೆ ಬನ್ನಿ.

ನಿಮ್ಮ ವಿಷಯ ಯಾವುದು?

ಹಕ್ಕಿ: ಇಲ್ಲಿ ಉದ್ದದ ಲೆನ್ಸೇ ರಾಜ. 300 ಎಂ.ಎಂ.ಗಿಂತ ಕಡಿಮೆಗೆ ಹೋಗಬೇಡಿ. ಎಪಿಎಸ್-ಸಿ ಸೆನ್ಸರ್ ಚಿಕ್ಕದಾಗಿರೋದು ಇಲ್ಲಿ ಲಾಭವೇ. ನಿಕಾನ್‌ನಲ್ಲಿ 300ರ ಲೆನ್ಸ್, ಫುಲ್ ಫ್ರೇಮಿನ 450ರಷ್ಟು ಹತ್ತಿರ ತೋರಿಸುತ್ತೆ. ಕ್ಯಾನನ್‌ನಲ್ಲಿ 480ರಷ್ಟು. ಕಲಿಯೋಕೆ ರಂಗನತಿಟ್ಟಿನ ದೋಣಿ ಅಥವಾ ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರು ಹೇಳಿಮಾಡಿಸಿದ ಜಾಗ. ಗೂಡು ಕಟ್ಟೋ ಕಾಲದಲ್ಲಿ ದೊಡ್ಡ ಹಕ್ಕಿಗಳು ಅಲ್ಲಿ ಹತ್ತಿರದಲ್ಲೇ ಸಿಗುತ್ತವೆ.

ಮನೆ ಮಕ್ಕಳು: 35 ಎಂ.ಎಂ. ಎಫ್ 1.8 ಥರದ ಲೆನ್ಸ್. 50 ಎಂ.ಎಂ. ಮನೆಯೊಳಗೆ ಇಕ್ಕಟ್ಟು, ಬೆನ್ನು ಗೋಡೆಗೆ ತಾಗುತ್ತೆ.

ಹಂಪಿ, ಬಾದಾಮಿ, ಬೇಲೂರು ಥರದ ಸುತ್ತಾಟ: ಕಿಟ್ ಲೆನ್ಸೇ ಸಾಕು. ಎಫ್ 8ಕ್ಕೆ ಇಟ್ಟು, ಬೆಳಗ್ಗೆ ಬೇಗ ಎದ್ದು ಹೋಗಿ. ನುಣುಪಾದ ಹೊಸ ಲೆನ್ಸಿಗಿಂತ ಆರೂವರೆಯ ಓರೆ ಬಿಸಿಲು ಶಿಲ್ಪವನ್ನ ಚೆನ್ನಾಗಿ ತೋರಿಸುತ್ತೆ.

ಹೂವು, ಕೀಟ: ಮ್ಯಾಕ್ರೋ ಲೆನ್ಸ್ ದುಬಾರಿ. ಮೊದಲು ಇರುವ ಲೆನ್ಸಿಗೆ ಕಡಿಮೆ ಬೆಲೆಯ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ ನೋಡಿ. ಆಸಕ್ತಿ ಉಳಿದರೆ ಮುಂದುವರಿಯಿರಿ.

ಬಾಡಿ ವಿಷಯದಲ್ಲಿ ಗಲಾಟೆ ಬೇಡ

ಮೆಗಾಪಿಕ್ಸೆಲ್ ಹಿಂದೆ ಓಡಬೇಡಿ. 4ಕೆ ಟಿವಿಯ ಪರದೆಯಲ್ಲಿರೋದೇ ಸುಮಾರು 8 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಚಿತ್ರವನ್ನ 13-20 ಇಂಚಿಗೆ ಅಚ್ಚುಕಟ್ಟಾಗಿ ಪ್ರಿಂಟ್ ಹಾಕಿಸಬಹುದು. ಕಳೆದ ಹತ್ತು ವರ್ಷದ ಬಹುತೇಕ ಡಿಎಸ್ಎಲ್ಆರ್‌ಗಳಲ್ಲಿ ಇದು ಇದ್ದೇ ಇದೆ.

"ಕ್ಯಾನನ್ನಾ ನಿಕಾನ್ನಾ?" ಎರಡೂ ಒಳ್ಳೆಯವೇ. ಕ್ಯಾನನ್‌ನ ಇಎಫ್ ಲೆನ್ಸುಗಳಲ್ಲಿ ಮೋಟರ್ ಲೆನ್ಸಲ್ಲೇ ಇರೋದರಿಂದ ಮೇಲೆ ಹೇಳಿದ ನಿಕಾನ್ ತಲೆನೋವು ಇಲ್ಲ. ನಿಮ್ಮ ಅಣ್ಣನೋ ಗೆಳತಿಯೋ ಯಾವ ಕಂಪನಿಯದು ಇಟ್ಟುಕೊಂಡಿದ್ದಾರೆ ನೋಡಿ. ಲೆನ್ಸ್ ಎರವಲು ಸಿಗುತ್ತೆ ಅಂದ್ರೆ ಅದೇ ದೊಡ್ಡ ಕಾರಣ. ಅದೂ ಇಲ್ಲವಾದರೆ ಕೈಲಿ ಹಿಡಿದು ನೋಡಿ. ಡಿ3500 ತೂಕ ಸುಮಾರು 415 ಗ್ರಾಂ, ಡಿ7200 ಸುಮಾರು 765 ಗ್ರಾಂ. ಕಾಗದದ ಮೇಲೆ ಚಿಕ್ಕ ವ್ಯತ್ಯಾಸ ಅನ್ನಿಸಿದರೂ ಕುಮಾರಪರ್ವತ ಹತ್ತೋವಾಗ ಕುತ್ತಿಗೆಗೆ ಗೊತ್ತಾಗುತ್ತೆ. ಭಾರ ಅಂತ ಮನೆಯಲ್ಲೇ ಬಿಟ್ಟುಹೋಗೋ ಕ್ಯಾಮೆರಾ ಎಷ್ಟು ಒಳ್ಳೆಯದಿದ್ದರೇನು?

"ಈಗ ಎಲ್ಲರೂ ಮಿರರ್‌ಲೆಸ್ ಅಂತಾರಲ್ಲ?"

ನಿಜ. ಡಿಎಸ್ಎಲ್ಆರ್‌ನಲ್ಲಿ ಲೆನ್ಸಿನ ಬೆಳಕು ಕನ್ನಡಿಗೆ ಬಡಿದು ನಿಮ್ಮ ಕಣ್ಣಿಗೆ ಬರುತ್ತೆ. ಕ್ಲಿಕ್ ಅಂದಾಗ ಕನ್ನಡಿ ಮೇಲೇಳುತ್ತೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತೆ. ಆ 'ಟಕ್' ಶಬ್ದ ಅದರದ್ದೇ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ, ಸೆನ್ಸರ್ ಕಂಡದ್ದನ್ನ ಚಿಕ್ಕ ಪರದೆಯಲ್ಲಿ ನೋಡ್ತೀರಿ. ಕ್ಯಾನನ್, ನಿಕಾನ್ ಎರಡೂ ತಮ್ಮ ಹೊಸ ಶ್ರಮವನ್ನೆಲ್ಲ ಆ ಕಡೆ ಹಾಕಿವೆ.

ನೀವು ಮುಖ್ಯವಾಗಿ ವಿಡಿಯೋ, ರೀಲ್ಸ್ ಮಾಡೋರಾದರೆ, ಅಥವಾ ಮನೆತುಂಬ ಓಡೋ ಮಗುವಿನ ಕಣ್ಣಿಗೆ ಕ್ಯಾಮೆರಾನೇ ಫೋಕಸ್ ಹಿಡಿಯಬೇಕು ಅಂದರೆ, ದುಡ್ಡು ಇದ್ದರೆ ಮಿರರ್‌ಲೆಸ್ಸೇ ಸರಿ. ಅಷ್ಟು ದುಡ್ಡಿಲ್ಲ, ವಿಡಿಯೋನೂ ಬೇಕು ಅಂದ್ರೆ ಕ್ಯಾನನ್ 200ಡಿ ಮಾರ್ಕ್ 2 ಥರದ, ಪರದೆ ತಿರುಗಿಸಿದಾಗಲೂ ಚುರುಕಾಗಿ ಫೋಕಸ್ ಆಗೋ ಡಿಎಸ್ಎಲ್ಆರ್ ನೋಡಿ.

ಬರೀ ಫೋಟೊ ಸಾಕು ಅನ್ನೋರಿಗೆ ಮಾತ್ರ ಇದು ಸುಗ್ಗಿ ಕಾಲ. ಬೇರೆಯವರು ಮಿರರ್‌ಲೆಸ್‌ಗೆ ಹೋದಂತೆಲ್ಲ ಒಳ್ಳೊಳ್ಳೆ ಬಾಡಿ, ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರ್ತಿವೆ. ಬ್ಯಾಟರಿಯೂ ಇಡೀ ದಿನ ಬಾಳುತ್ತೆ. ಒಂದು ಚಾರ್ಜಿಗೆ ಡಿ3500 ಸುಮಾರು 1,550 ಚಿತ್ರ ತೆಗೆಯುತ್ತೆ ಅನ್ನೋದು ಅಳತೆಯ ಲೆಕ್ಕ. ಮುಂದೊಂದು ದಿನ ನೀವೂ ಮಿರರ್‌ಲೆಸ್‌ಗೆ ಹೋದರೆ ಕ್ಯಾನನ್ ಇಎಫ್ ಲೆನ್ಸುಗಳನ್ನ, ನಿಕಾನ್‌ನ ಮೋಟರ್ ಇರುವ ಎಎಫ್-ಎಸ್ ಲೆನ್ಸುಗಳನ್ನ ಕಂಪನಿಯ ಅಡಾಪ್ಟರ್ ಹಾಕಿ ಬಳಸಬಹುದು. ಬಾಡಿ ಹಳತಾದರೂ ಲೆನ್ಸಿಗೆ ಹಾಕಿದ ದುಡ್ಡು ಉಳಿಯುತ್ತೆ.

ಸೆಕೆಂಡ್ ಹ್ಯಾಂಡ್ ಕೊಳ್ಳೋವಾಗ

ಹಗಲಲ್ಲಿ ಹೋಗಿ, ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ. ಆಮೇಲೆ ಇಷ್ಟು ನೋಡಿ:

1. ಶಟರ್ ಕೌಂಟ್. ಬೈಕಿಗೆ ಕಿಲೋಮೀಟರ್ ಇದ್ದ ಹಾಗೆ. ಡಿ7200ರ ಶಟರನ್ನ ಒಂದೂವರೆ ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿರ್ತಾರೆ. ನಿಕಾನ್‌ನಲ್ಲಿ ತೆಗೆದ ಜೆಪೆಗ್ ಫೈಲಲ್ಲೇ ಈ ಸಂಖ್ಯೆ ಅಡಗಿರುತ್ತೆ. ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಬೇರೆ ಸಾಫ್ಟ್‌ವೇರ್ ಬೇಕು, ಅಂಗಡಿಯವರನ್ನೇ ತೋರಿಸೋಕೆ ಹೇಳಿ.

2. ಲೆನ್ಸ್ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯ ಥರ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.

3. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಪರದೆಯಲ್ಲಿ ದೊಡ್ಡದು ಮಾಡಿ. ಕಪ್ಪು ಚುಕ್ಕೆಗಳು ಧೂಳಾದರೆ ಕ್ಲೀನ್ ಮಾಡಿಸಬಹುದು, ಗೀರು ಕಂಡರೆ ಬಿಟ್ಟುಬಿಡಿ.

4. ಹತ್ತಿರದ್ದು, ದೂರದ್ದು, ಕತ್ತಲೆ ಮೂಲೆಯದ್ದು, ಮೂರಕ್ಕೂ ಫೋಕಸ್ ಮಾಡಿ ನೋಡಿ.

5. ಮೂಲ ಬಿಲ್ ಕೇಳಿ, ಬಾಡಿಯ ಕೆಳಗಿನ ಸೀರಿಯಲ್ ನಂಬರ್ ಹೊಂದಿಸಿ ನೋಡಿ. ಬಿಲ್ ಇಲ್ಲದ 'ಭಾರಿ ಡೀಲ್' ಕದ್ದ ಮಾಲೂ ಆಗಿರಬಹುದು.

ಹೊಸದೇ ಬೇಕು ಅನ್ನೋರೂ ಒಂದು ಮಾತು ಕೇಳಿ. ಬ್ಯಾಗ್, ಟ್ರೈಪಾಡ್, ಫಿಲ್ಟರ್ ಎಲ್ಲ ಫ್ರೀ ಅನ್ನೋ ಕಾಂಬೋಗಳಲ್ಲಿ ಟ್ರೈಪಾಡ್ ಗಾಳಿಗೇ ಅಲ್ಲಾಡುವಂಥದ್ದಾಗಿರಬಹುದು. ಅದರ ಬದಲು ಬೆಲೆ ಇಳಿಸೋಕೆ ಕೇಳಿ. 'ಬಡ್ಡಿಯಿಲ್ಲದ' ಇಎಂಐನಲ್ಲೂ ಪ್ರೊಸೆಸಿಂಗ್ ಫೀ, ಬಡ್ಡಿ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಸೇರಿರುತ್ತೆ. ಪೂರ್ತಿ ಕಟ್ಟೋ ಮೊತ್ತ ಎಷ್ಟು ಅಂತ ಕೂಡಿಸಿ ನೋಡಿ, ಆಮೇಲೆ ಸಹಿ ಮಾಡಿ.

ಮಳೆಗಾಲದ ಮಾತು

ಮಲೆನಾಡು, ಕರಾವಳಿಯವರು ಇದನ್ನ ಎರಡು ಸಲ ಓದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾನ ಬಟ್ಟೆಯ ಬ್ಯಾಗಲ್ಲಿ ಹಾಕಿ ಬೀರುವಲ್ಲಿ ಇಟ್ಟರೆ, ದಸರಾಕ್ಕೆ ತೆಗೆಯೋವಾಗ ಲೆನ್ಸಲ್ಲಿ ಫಂಗಸ್ ಬೆಳೆದಿರುತ್ತೆ. ಗಾಳಿ ಹೋಗದ ಹಾಗೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸೋ ಚಿಕ್ಕ ಮೀಟರ್, ಇಷ್ಟು ಸಾಕು. ಮುಳ್ಳು 40-50 ಶೇಕಡಾ ನಡುವೆ ಇರಲಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಎಲ್ಲಕ್ಕಿಂತ ಒಳ್ಳೆ ಮದ್ದು ಅಂದ್ರೆ ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸೋದು.

ಕೊನೆಗೆ

ಕೊಳ್ಳೋ ನಿರ್ಧಾರ ಇನ್ನೂ ಗಟ್ಟಿಯಾಗಿಲ್ಲವಾ? ಬೆಂಗಳೂರು, ಮೈಸೂರಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತೆ. ಒಂದು ಶನಿವಾರ, ಭಾನುವಾರಕ್ಕೆ ತಂದು ನಿಮಗೆ ಬೇಕಾದ ವಿಷಯವನ್ನೇ ತೆಗೆದು ನೋಡಿ. ಕೊಡೋ ಬಾಡಿಗೆ, ತಪ್ಪು ಆಯ್ಕೆಯ ಮುಂದೆ ಏನೂ ಅಲ್ಲ.

ತೇಜಸ್ವಿಯವರು ಮೂಡಿಗೆರೆಯ ಸುತ್ತ ಹಕ್ಕಿಗಳ ಹಿಂದೆ ಬಿದ್ದ ಕಾಲ, ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡಿನ ಕಪ್ಪು-ಬಿಳುಪು ಚಿತ್ರ ತೆಗೆದ ಕಾಲ ಫಿಲಂ ಕಾಲ. 35 ಎಂ.ಎಂ. ಫಿಲಂನ ಒಂದು ರೋಲಿಗೆ 36 ಚಿತ್ರ ಅಷ್ಟೇ. ಆಗಿನ ಯಾವುದೇ ಕ್ಯಾಮೆರಾಗಿಂತ ಇವತ್ತಿನ ಅಂಗಡಿಯ ಅತಿ ಕಡಿಮೆ ಬೆಲೆಯ ಡಿಎಸ್ಎಲ್ಆರ್ ಕತ್ತಲಲ್ಲಿ ಹೆಚ್ಚು ಕಾಣುತ್ತೆ. ಅವರಿಗೆ ಗೊತ್ತಿದ್ದದ್ದು ತಮಗೆ ಯಾವ ಚಿತ್ರ ಬೇಕು ಅನ್ನೋದು.

ಹಾಗಾಗಿ ಮುಂದಿನ ಸಲ ಮೆಸೇಜ್ ಮಾಡೋವಾಗ ಬಜೆಟ್ ಜೊತೆ ಇನ್ನೊಂದು ಸಾಲು ಸೇರಿಸಿ: ಯಾರ ಅಥವಾ ಯಾವುದರ ಚಿತ್ರ, ಯಾವ ಹೊತ್ತಲ್ಲಿ, ಎಷ್ಟು ದೂರದಿಂದ. ಅಷ್ಟು ಬರೆದರೆ ಉತ್ತರದ ಮುಕ್ಕಾಲು ಭಾಗ ನಿಮಗೇ ಹೊಳೆದಿರುತ್ತೆ. ಉಳಿದ ಕಾಲು ಭಾಗಕ್ಕೆ ನಾನಿದ್ದೀನಿ.